ಗಂಜಿ ಹಚ್ಚಿದ ಕಂಪ್ಯೂಟರು

ಭಾನುವಾರ, ನವೆಂಬರ್ ಒಂಬತ್ತು. ಬೆಳಗಿನ ಏಳು ಗಂಟೆ ಹತ್ತು ನಿಮಿಷ. ರೋಣ.

ಈ ವರ್ಷದ ದಿನಚರಿಯನ್ನು ಮುಂದಿಟ್ಟುಕೊಂಡು ಪತ್ರಿಕೆಗೆ ಬರೆಯಲು ಕುಳಿತಿದ್ದೇನೆ. ಜನವರಿ ಐದರಿಂದ ಅಕ್ಟೋಬರ್ ಹದಿನೇಳರವರೆಗೆ ಮಾವಶಿಯ ಬಗ್ಗೆ ಬರೆದ ಸಾಲುಗಳಿಗೆಲ್ಲ ನಿನ್ನೆ ಕೆಂಪು ಗೆರೆ ಎಳೆದೆ. ತೊಂಬತ್ತೆರಡು ದಿನಗಳಲ್ಲಿ ಅವರಿದ್ದಾರೆ. ರೋಣದಿಂದ ಗಜೇಂದ್ರಗಡಕ್ಕೆ ನಾನು ಬಸ್ಸು ಹತ್ತಿದ್ದು ಅರವತ್ತೊಂದು ಸಲ. ಉಳಿದ ದಿನಗಳು ಫೋನಿನವು.

ಹೆಸರು ಬರೆಯುವುದಿಲ್ಲ. ಅವರೇ ಬೇಡ ಅಂದಿದ್ದರು. "ದಡಿಗೆ ಹೆಸರೈತಿ, ಅದನ್ನ ಬರಿ. ದಡಿ ತಗದಾಕಿ ಹೆಸರು ಯಾರಿಗೆ ಬೇಕಾಗೈತಿ?" ಅಂದಿದ್ದರು. ದಡಿ ಅಂದರೆ ಸೀರೆಯ ಅಂಚು. ಅವರು ಗಜೇಂದ್ರಗಡದ ನೇಕಾರರ ಮನೆಯ ಮಗಳು. ಅಣ್ಣನ ಮನೆಯ ಹಿಂದಿನ ಮಗ್ಗದ ಖೋಲಿಯೇ ಅವರ ಜಾಗ. ನಮ್ಮ ಅವ್ವನಿಗೆ ದೂರದಿಂದ ಅಕ್ಕ ಆಗಬೇಕಿತ್ತು, ಹಾಗಾಗಿ ನನಗೆ ಮಾವಶಿ.

ಅವರ ಎದುರಿಗೆ ಮೊದಲ ಸಲ ಕುಳಿತವರಿಗೆ ಸಿಟ್ಟು ಬರುತ್ತಿತ್ತು. ನೀವು ಮಾತಾಡುತ್ತಿದ್ದರೆ ಅವರು ನಿಮ್ಮ ಕಿವಿಯ ಪಕ್ಕದ ಗೋಡೆಯನ್ನು ನೋಡುತ್ತಿದ್ದರು. ನನಗೂ ಹಾಗೇ ಆಯಿತು. ಇವರಿಗೆ ಎಷ್ಟು ಸೊಕ್ಕು ಎಂದು ಜನವರಿ ಐದರ ಪುಟದಲ್ಲಿ ಬರೆದಿದ್ದೇನೆ. ಅದನ್ನು ಹೊಡೆದುಹಾಕಿಲ್ಲ, ಪಕ್ಕದಲ್ಲಿ ಮರುದಿನದ ತಾರೀಖು ಹಾಕಿ 'ತಪ್ಪು' ಎಂದು ಬರೆದಿದ್ದೇನೆ. ಅವರ ಕಣ್ಣಿನ ನಡುವಿನ ನೋಟ ಮಸುಕಾಗುತ್ತಿತ್ತು. ಬದಿಯ ನೋಟ ಉಳಿದಿತ್ತು. ನಿಮ್ಮ ಮುಖ ಕಾಣಬೇಕೆಂದರೆ ಅವರು ಗೋಡೆಯನ್ನೇ ನೋಡಬೇಕಿತ್ತು. ಕಣ್ಣಿನ ಡಾಕ್ಟರು ಹೋದದ್ದು ಮರಳಿ ಬರುವುದಿಲ್ಲ, ಉಳಿದದ್ದು ಎಷ್ಟು ದಿನವೋ ಹೇಳಲಾಗದು ಅಂದಿದ್ದರು.

ಅವರ ಬಳಿ ಒಂದು ತಗಡಿನ ಟ್ರಂಕಿತ್ತು. ಅದರ ತುಂಬ ಚೌಕದ ಹಾಳೆಗಳು. ಒಂದೊಂದು ಹಾಳೆಯಲ್ಲಿ ಒಂದೊಂದು ದಡಿಯ ನಕ್ಷೆ. ಅರ್ಧದಷ್ಟು ಅವರ ಅಪ್ಪ ತೆಗೆದವು, ಉಳಿದವು ಇವರು ತೆಗೆದವು. ಹೆಣ್ಣುಮಕ್ಕಳು ಕಂಡಿಕೆಗೆ ನೂಲು ಸುತ್ತುತ್ತಾರೆ, ಗಂಜಿ ಹಚ್ಚುತ್ತಾರೆ, ನೇಯುವುದೂ ಉಂಟು. ನಕ್ಷೆ ತೆಗೆದದ್ದು ಆ ಓಣಿಯಲ್ಲಿ ಇವರೊಬ್ಬರೇ. ಬಾಯಿಪಾಠದಿಂದ ಅವರು ಹೇಳಿದ ಹೆಸರುಗಳನ್ನು ನಾನು ಪಟ್ಟಿ ಮಾಡಿದೆ. ಇನ್ನೂರ ಹದಿನಾಲ್ಕು. ಕಣ್ಣು ಇರುವಷ್ಟರಲ್ಲಿ ಅವನ್ನೆಲ್ಲ ಕಂಪ್ಯೂಟರಿಗೆ ಏರಿಸಬೇಕು ಎಂಬುದು ಅವರ ಹಟ. ನಾನು ರೋಣದ ಬಸ್‌ಸ್ಟ್ಯಾಂಡಿನ ಹತ್ತಿರ ಅರ್ಜಿ ತುಂಬುವ ಅಂಗಡಿ ಇಟ್ಟವಳು. ಕಂಪ್ಯೂಟರ್ ಗೊತ್ತಿರುವ ಹುಡುಗಿ ಎಂದು ಅವ್ವ ನನ್ನನ್ನು ಕಳಿಸಿದ್ದಳು.

"ಮಾವಶಿ, ಇಷ್ಟಕ್ಕ ಕಂಪ್ಯೂಟರ್ ಯಾಕ? ಮೊಬೈಲಿನಾಗ ಎಲ್ಲಾ ಹಾಳಿ ಫೋಟೋ ಹೊಡದ್ರ ಒಂದ ದಿನದ ಕೆಲಸ," ಅಂದೆ.

"ಫೋಟೋದಾಗ ಹಾಳಿ ಬರ್ತೈತಿ. ದಡಿ ಬರೂದಿಲ್ಲ."

"ಅಂದ್ರ?"

"ಹಾಳ್ಯಾಗ ನಮ್ಮಪ್ಪ ಏಳು ಕೆಂಪು ಅಂತ ಬರದಾನ. ನೇಯೂ ಮುಂದ ಅವ ಆರು ಹಾಕ್ತಿದ್ದ. ಏಳು ಹಾಕಿದ್ರ ಹೂವು ಬಸುರಿ ಇದ್ದಂಗ ಕಾಣತೈತಿ ಅಂತಿದ್ದ. ಹಾಳಿ ಯಾವಾಗ ತಿದ್ದಬೇಕು? ಹಾಂಗ ಉಳೀತು. ಆ ಆರು ಎಲ್ಲೈತಿ?" ಎಂದು ತಮ್ಮ ಹಣೆ ತಟ್ಟಿಕೊಂಡರು. "ಇಲ್ಲೈತಿ. ಇಲ್ಲಿಂದ ತಗದು ಒಂದೊಂದ ಮನಿ ತುಂಬಬೇಕು. ಅದಕ್ಕ ನನ್ನ ಕಣ್ಣು ಬೇಕು, ನಿನ್ನ ಫೋಟೋ ಅಲ್ಲ."

ಚೌಕಕ್ಕೆ ಅವರು 'ಮನಿ' ಅನ್ನುತ್ತಿದ್ದರು. ಹಾಳೆಯ ಮೇಲಿನ ಚೌಕವಾದರೂ ಸರಿ, ಪರದೆಯ ಮೇಲಿನ ಚುಕ್ಕೆಯಾದರೂ ಸರಿ.

ನಾನು ಎಲ್ಲವನ್ನೂ ಕ್ರಮವಾಗಿ ಮಾಡುವವಳು. ಒಂದು ರಾತ್ರಿಯೆಲ್ಲ ಓದಿ, ವಿಡಿಯೊ ನೋಡಿ, ಹದಿನಾಲ್ಕು ಅಂಶಗಳ ಪಟ್ಟಿ ಮಾಡಿದೆ. ಎಡಕ್ಕೆ ಕಂಪನಿಯವರೇ ಕಟ್ಟಿ ಡಬ್ಬಿಯಲ್ಲಿ ಕಳಿಸುವ ಕಂಪ್ಯೂಟರ್, ಬಲಕ್ಕೆ ಬಿಡಿಭಾಗ ತಂದು ನಾವೇ ಜೋಡಿಸುವುದು. ನಮ್ಮ ಕಡೆ ಒಂದಕ್ಕೆ 'ಕಂಪನಿದು' ಅನ್ನುತ್ತಾರೆ, ಇನ್ನೊಂದಕ್ಕೆ 'ಅಸೆಂಬಲ್'. ಎರಡನೆಯ ಮಾತನ್ನು ತುಸು ಮೂಗು ಮುರಿದೇ ಅನ್ನುತ್ತಾರೆ. ಒಂದೇ ರಸೀದಿ, ಒಂದೇ ಗ್ಯಾರಂಟಿ, ಎರಡೇ ದಿನದಲ್ಲಿ ಮನೆಗೆ ಬರುತ್ತದೆ, ಭಾಗಗಳು ಒಂದಕ್ಕೊಂದು ಹೊಂದುತ್ತವೋ ಇಲ್ಲವೋ ಎಂಬ ತಲೆನೋವಿಲ್ಲ. ಹೀಗೆ ಅಂಕ ಹಾಕುತ್ತ ಹೋದರೆ ಕಂಪನಿಯದಕ್ಕೆ ಎಂಟು, ಅಸೆಂಬಲ್ಲಿಗೆ ಐದು ಬಂತು. ಒಂದು ಅಂಶ ಸಮಸಮ.

ಪಟ್ಟಿಯನ್ನು ಮಗ್ಗದ ಖೋಲಿಯಲ್ಲಿ ಗಟ್ಟಿಯಾಗಿ ಓದಿದೆ. ಮಾವಶಿಯ ಅಣ್ಣ ಬಾಗಿಲ ಚೌಕಟ್ಟಿಗೆ ಒರಗಿ ನಿಂತು ಕೇಳಿದರು. ಅವರದು ಪೇಟೆಯಲ್ಲಿ ಸೀರೆ ಅಂಗಡಿ. ನಾನು ಅವರಿಗೆ ಮಾಮಾ ಅನ್ನುತ್ತೇನೆ.

"ಕೇಳಿದೇನು ತಂಗೀ? ಹುಡುಗಿ ಓದಿ ಬರಕೊಂಡು ಬಂದಾಳ. ಕಂಪನಿದು ತರಸು. ಡಬ್ಬಿ ಒಡಿ, ವಾಯರ್ ಚುಚ್ಚು, ಮುಗೀತು. ಅಸೆಂಬಲ್ ಅಂದ್ರ ಹತ್ತು ಮನಿ ಹಿಟ್ಟು ಬೇಡಿ ತಂದು ರೊಟ್ಟಿ ಬಡದಂಗ."

"ಅಣ್ಣಾ, ನೀ ಮಾರೂ ಸೀರಿ ಒಂದ ಮನ್ಯಾಗ ಹುಟ್ಟಿ ಬರ್ತೈತೇನು? ನೂಲು ಒಂದ ಊರಿಂದು, ಬಣ್ಣ ಒಂದ ಊರಿಂದು, ಹಾಸು ಒಬ್ಬರು ಹಾಕ್ತಾರ, ನೇಯೂದು ಒಬ್ಬರು. ನಿನ್ನ ಅಂಗಡಿ ತುಂಬ ಅಸೆಂಬಲ್ಲ ಐತಿ. ಗಿರಾಕಿಗೆ ಹಂಗ ಹೇಳ್ತಿಯೇನು?"

ಮಾಮಾ ನಕ್ಕರು. ಮಾವಶಿ ನಗಲಿಲ್ಲ. ನನ್ನ ಕಿವಿಯ ಪಕ್ಕದ ಗೋಡೆ ನೋಡುತ್ತ ಕೇಳಿದರು:

"ಕಂಪನಿದರಾಗ ಪರದಿ ಎಷ್ಟ ದೊಡ್ಡದು?"

"ಇಪ್ಪತ್ತೆರಡು ಇಂಚು, ಮಾವಶಿ."

"ಇದು ಬ್ಯಾಡ, ದೊಡ್ಡದು ಕೊಡ್ರಿ ಅಂದ್ರ?"

"ಸೆಟ್ಟಿನಾಗ ಬರೂದು ಇದ. ದೊಡ್ಡದು ಬೇಕಂದ್ರ ಬ್ಯಾರೆ ತಗೋಬೇಕು."

"ಮತ್ತ ಇದನ್ನೇನು ದೇವರ ಜಗಲಿ ಮ್ಯಾಲ ಇಡ್ಲಿ? ಇರ್ಲಿ. ಅಮಾಸಿಗೆ ಬಿಚ್ಚಾಕ ಬರ್ತೈತೇನು?"

ನನಗೆ ಪ್ರಶ್ನೆಯೇ ತಿಳಿಯಲಿಲ್ಲ. ಅವರೇ ಬಿಡಿಸಿ ಹೇಳಿದರು. ಅಮಾವಾಸ್ಯೆಗೆ ಅವರ ಓಣಿಯಲ್ಲಿ ಮಗ್ಗ ನಡೆಯುವುದಿಲ್ಲ. ಅಂದು ಮಗ್ಗವನ್ನು ಬಿಚ್ಚಿ, ತಿಂಗಳಿಡೀ ಸಂದಿಗೊಂದಿಯಲ್ಲಿ ಕೂತ ನೂಲಿನ ಧೂಳನ್ನು ತೆಗೆದು, ಎಣ್ಣೆ ಬಿಟ್ಟು, ಪೂಜೆ ಮಾಡಿ, ಮತ್ತೆ ಜೋಡಿಸುತ್ತಾರೆ. ಆ ಖೋಲಿಯ ಗಾಳಿಯಲ್ಲಿ ಯಾವಾಗಲೂ ಹತ್ತಿಯ ಎಳೆ ತೇಲುತ್ತಿರುತ್ತದೆ, ಬಿಸಿಲು ಬಿದ್ದಾಗ ಕಣ್ಣಿಗೇ ಕಾಣುತ್ತದೆ. ಅಲ್ಲಿ ಕಂಪ್ಯೂಟರ್ ಇಟ್ಟರೆ ಅದರ ಫ್ಯಾನು ಎಳೆದುಕೊಳ್ಳುವುದೂ ಅದನ್ನೇ. ನನ್ನ ಹದಿನಾಲ್ಕು ಅಂಶಗಳಲ್ಲಿ ಇದಿರಲಿಲ್ಲ.

ನಾನು ಆರಿಸಿದ್ದ ಸೆಟ್ಟಿನ ಷರತ್ತುಗಳನ್ನು ಮೊಬೈಲಿನಲ್ಲಿ ತೆಗೆದು ಓದಿದೆ. ಹಿಂಬದಿಯ ಚೀಟಿ ಹರಿದು ತಾವೇ ತೆರೆದರೆ ಗ್ಯಾರಂಟಿ ಇಲ್ಲ ಎಂದಿತ್ತು.

"ಅಂದ್ರ ವರ್ಷಗಟ್ಲೆ ಬಿಚ್ಚಂಗಿಲ್ಲ," ಅಂದರು ಮಾವಶಿ. "ಈ ಖೋಲ್ಯಾಗ ಬಿಚ್ಚಾಕ ಬಾರದ್ದು ಒಂದೂ ಇಲ್ಲ. ಇದೊಂದನ್ನ ಹ್ಯಾಂಗ ಒಳಗ ಬಿಡ್ಲಿ? ಪಟ್ಟಿ ಹರದು ಒಗಿ. ಕಟ್ಟೂಣು."

ಪಟ್ಟಿಯನ್ನು ನಾನು ಹರಿಯಲಿಲ್ಲ. ದಿನಚರಿಯಲ್ಲಿ ಅಂಟಿಸಿದ್ದೇನೆ.

ಕಟ್ಟಲು ಐದು ದಿನ ಸಾಕೆಂದು ಅಂದಾಜು ಮಾಡಿದ್ದೆ. ಹಿಡಿದದ್ದು ಹದಿನೇಳು. ಕಣ್ಣಿನ ದಿನಗಳನ್ನು ಎಣಿಸುತ್ತಿದ್ದವರಿಗೆ ಇದು ಸಣ್ಣ ಮಾತಲ್ಲ. ಕಂಪನಿಯದು ತಂದಿದ್ದರೆ ಮೂರನೆಯ ದಿನಕ್ಕೆ ಮೊದಲ ದಡಿ ಏರುತ್ತಿತ್ತು ಎಂದು ಮಾಮಾ ಊಟಕ್ಕೆ ಕೂತಾಗಲೆಲ್ಲ ಹೇಳುತ್ತಿದ್ದರು. ಅವರು ಹೇಳಿದ್ದು ಸುಳ್ಳೂ ಅಲ್ಲ.

ಬಿಡಿಭಾಗಗಳು ಹುಬ್ಬಳ್ಳಿಯಿಂದ ಬಸ್ಸಿನ ಪಾರ್ಸೆಲ್ಲಿನಲ್ಲಿ ಬಂದವು. ದೊಡ್ಡ ಪರದೆ ಸಿಕ್ಕಿದ್ದು ನರಗುಂದದಲ್ಲಿ. ಅಲ್ಲಿ ಒಬ್ಬ ಮಾಸ್ತರು ತಮ್ಮ ಕಂಪ್ಯೂಟರ್ ತರಬೇತಿ ಕ್ಲಾಸು ಮುಚ್ಚಿ ಸಾಮಾನು ಮಾರುತ್ತಿದ್ದರು. ಮೂವತ್ತೆರಡು ಇಂಚಿನದು, ಬಳಸಿದ್ದು. ಜನವರಿ ಹನ್ನೊಂದರಂದು ಹೋದೆವು. ನಾನು ಪರದೆಯ ಹಿಂದಿನ ತೂತುಗಳು, ವಾಯರು, ಗೀರು ಎಲ್ಲ ನೋಡಿ ಬರೆದುಕೊಂಡೆ. ಮಾವಶಿ ಸೆರಗಿನ ಗಂಟು ಬಿಚ್ಚಿ ಮೇಜಿನ ಮೇಲೆ ಒಂದು ಜೋಳದ ಕಾಳು ಇಟ್ಟರು. ಅದರ ಪಕ್ಕ ಒಂದು ಕಡಲೆ. ಅದರ ಪಕ್ಕ ಒಂದು ಅಡಿಕೆ.

"ಏನ್ರೀ ಅಮ್ಮಾರ, ಪಾರಿವಾಳಕ್ಕ ಹಾಕಾಕ ಬಂದೀರೇನು?" ಅಂದರು ಮಾಸ್ತರು.

"ಇಷ್ಟ ದೊಡ್ಡ ಮನಿ ಮಾಡಿ ತೋರಸ್ರಿ," ಎಂದು ಜೋಳ ಮುಟ್ಟಿದರು. ಮಾಸ್ತರು ಪರದೆಯ ತುಂಬ ಜೋಳದಷ್ಟು ಚೌಕ ಎಳೆದರು. ಮಾವಶಿ ಮುಖ ಓರೆ ಮಾಡಿ, ಬಾಗಿಲ ಕಡೆ ನೋಡುತ್ತ ಎಣಿಸಿದರು. ಆಮೇಲೆ ಕಡಲೆಯಷ್ಟು. ಆಮೇಲೆ ಅಡಿಕೆಯಷ್ಟು.

"ಅಷ್ಟ ದೊಡ್ಡದು ಯಾಕ್ರೀ? ಜೋಳ ಚಲೋ ಕಾಣ್ತೈತಲ್ಲ ನಿಮಗ?"

"ಜೋಳ ಈಗ ಕಾಣ್ತೈತ್ರಿ. ಕಡ್ಲಿ ಉಗಾದಿಗೆ. ಅಡಿಕಿ ಮಳಿಗಾಲಕ್ಕ. ಅಡಿಕಿ ಆದಾಗ ಈ ಪರದ್ಯಾಗ ಎಷ್ಟ ಮನಿ ಕುಂದರ್ತಾವ ನೋಡಬೇಕಾಗಿತ್ತು."

ಮಾಸ್ತರು ಪರದೆಯನ್ನು ಬಸ್‌ಸ್ಟ್ಯಾಂಡಿನವರೆಗೆ ತಾವೇ ಹೊತ್ತು ತಂದರು.

ನರಗುಂದದಿಂದ ರೋಣದ ಬಸ್ಸಿನಲ್ಲಿ ಅದನ್ನು ಧೋತರದಲ್ಲಿ ಸುತ್ತಿ ಮಾವಶಿ ತೊಡೆಯ ಮೇಲೆ ನಿಲ್ಲಿಸಿಕೊಂಡಿದ್ದರು. ಯಾವಗಲ್ಲಿನಲ್ಲಿ ಬಸ್ಸು ತುಂಬಿತು. ಕಂಡಕ್ಟರು ನೂಕಿಕೊಂಡು ಬಂದು, "ಅಮ್ಮಾರ, ಇದಕ್ಕ ಟಿಕೀಟ ತಗೋಬೇಕ್ರಿ," ಅಂದ.

"ಇದೇನು ಸೀಟಿನ ಮ್ಯಾಲ ಕುಂತೈತೇನಪಾ? ತೊಡಿ ಮ್ಯಾಲಿನ ಕೂಸಿಗೆ ಟಿಕೀಟ ಕೇಳ್ತಿಯೇನು?"

"ಕೂಸು ಭಾಳ ಅಗಲ ಐತ್ರಿ."

"ಮನೆತನಾನ ಹಂಗೈತಿ. ನಮ್ಮ ಅಣ್ಣನ್ನ ನೋಡಿಲ್ಲ ನೀ."

ಬಸ್ಸಿನಲ್ಲಿದ್ದವರೆಲ್ಲ ನಕ್ಕರು. ಕಂಡಕ್ಟರು ಮುಂದೆ ಹೋದ. ರೋಣ ಬರುವವರೆಗೆ ಜನರೇ ಆ ಕೂಸಿನ ಮೇಲೆ ಯಾರೂ ಬೀಳದಂತೆ ಕೈ ಅಡ್ಡ ಹಿಡಿದರು.

ಜೋಡಿಸುವ ದಿನ ಜನವರಿ ಹತ್ತೊಂಬತ್ತು, ಭಾನುವಾರ ಎಂದು ಗೊತ್ತು ಮಾಡಿದ್ದೆವು. ಆ ದಿನವೇ ಯಾವುದೋ ಅರ್ಜಿಗೆ ಕೊನೆಯ ದಿನಾಂಕ, ನನ್ನ ಅಂಗಡಿಯ ಮುಂದೆ ಸಾಲು. ಹೋಗಲಾಗಲಿಲ್ಲ. ಫೋನಿನಲ್ಲಿ, "ಮಾವಶಿ, ಪ್ರೊಸೆಸರ್ ಮ್ಯಾಲ ಪೇಸ್ಟ್ ಹಚ್ಚೂ ಕೆಲಸ ಐತಿ, ನಾಳೆ ಬಂದು ಮಾಡ್ತೀನಿ," ಅಂದೆ. ಕಂಪ್ಯೂಟರಿನ ಲೆಕ್ಕವೆಲ್ಲ ಮಾಡುವ ಬಿಲ್ಲೆಯೇ ಪ್ರೊಸೆಸರ್. ಅದು ಕಾಯುತ್ತದೆ. ಕಾವನ್ನು ಮೇಲಿನ ಫ್ಯಾನಿಗೆ ದಾಟಿಸಲು ನಡುವೆ ಸ್ವಲ್ಪ ಪೇಸ್ಟ್ ಬೇಕು. ತೊಗರಿ ಕಾಳಿನಷ್ಟಾದರೆ ಸಾಕು. ಇದನ್ನು ನಾನು ಫೋನಿನಲ್ಲಿ ಹೇಳಲಿಲ್ಲ. 'ಹಚ್ಚೂದು' ಅಂದೆ, ಅಷ್ಟೇ.

ಮರುದಿನ ಹತ್ತೂ ನಲವತ್ತಕ್ಕೆ ನಾನು ಖೋಲಿಗೆ ಕಾಲಿಟ್ಟಾಗ ಅವರು ಬಹಳ ಖುಷಿಯಲ್ಲಿದ್ದರು.

"ಬಾ, ನಿನ್ನ ಕೆಲಸ ಹಗರ ಮಾಡೀನಿ. ಪೇಸ್ಟ್ ಹಚ್ಚೀನಿ. ಬರೋಬ್ಬರಿ ಹಚ್ಚೀನಿ ನೋಡು."

ಬಿಲ್ಲೆಯನ್ನು ಬೋರ್ಡಿನಲ್ಲಿ ಅದರ ಜಾಗಕ್ಕೆ ಸರಿಯಾಗಿಯೇ ಕೂರಿಸಿದ್ದರು. ಆಮೇಲೆ ಸಣ್ಣ ಕುಂಚ ತೆಗೆದುಕೊಂಡು ಪೇಸ್ಟನ್ನು ಪೂರ್ತಿ ಖಾಲಿ ಮಾಡಿ, ಮೇಲೆ, ಅಂಚಿಗೆ, ಅಂಚಿನ ಆಚೆಗೆ, ಒಂದೇ ಸಮ, ಅತ್ತ ಒಂದು ಕೈ ಇತ್ತ ಒಂದು ಕೈ ಬಳಿದಿದ್ದರು. ಅವರು ಹಚ್ಚಿದ್ದು ಗಂಜಿ. ಹಾಸಿನ, ಅಂದರೆ ಮಗ್ಗದಲ್ಲಿ ಉದ್ದಕ್ಕೆ ಬಿಗಿದ ನೂಲು ತುಂಡಾಗಬಾರದೆಂದು ನೇಕಾರರು ಗಂಜಿ ಹಚ್ಚುತ್ತಾರಲ್ಲ, ಹಾಗೆ. ಒಂದು ಎಳೆಯೂ ಒಣಗಿ ಉಳಿಯಬಾರದು. ಹತ್ತು ವರ್ಷದ ಹುಡುಗಿಯಾಗಿದ್ದಾಗ ಅವರು ಕಲಿತ 'ಹಚ್ಚುವುದು' ಅದೇ.

"ಮಾವಶಿ, ತೊಗರಿ ಕಾಳಿನಷ್ಟ ಹಚ್ಚಬೇಕಿತ್ತು."

"ಮತ್ತ ಮೊದಲ ಹೇಳಬೇಕಿಲ್ಲೇನು? ಕಾಳಿನ ಲೆಕ್ಕ ನನಗ ಬರೂದಿಲ್ಲೇನು?"

ಅವರ ತಪ್ಪಿನಿಂದ ಏನೂ ಕೆಡುತ್ತಿರಲಿಲ್ಲ. ಕೆಡಿಸಿದ್ದು ನಾನು. ಬಿಲ್ಲೆಯನ್ನು ಮೇಲೆತ್ತಿ, ಕೆಳಗಿನ ಗುಣಿಗೆ ಇಳಿದಿದ್ದ ಪೇಸ್ಟನ್ನು ಅಲ್ಲೇ ಬಿದ್ದಿದ್ದ ಹಳೆಯ ಹತ್ತಿ ಬಟ್ಟೆಯಿಂದ ಒರೆಸಿದೆ. ಆ ಗುಣಿಯಲ್ಲಿ ಕೂದಲಿನಷ್ಟು ತೆಳ್ಳಗಿನ ನೂರಾರು ಪಿನ್ನುಗಳು ಸಾಲಾಗಿ ನಿಂತಿರುತ್ತವೆ. ಬಟ್ಟೆಯ ಒಂದು ಎಳೆ ಸಿಕ್ಕಿತು. ನಾನು ಎಳೆದೆ. ಮೊಬೈಲಿನ ಕ್ಯಾಮೆರಾ ದೊಡ್ಡದು ಮಾಡಿ ನೋಡಿದರೆ ನಾಲ್ಕು ಪಿನ್ನು ಬಾಗಿದ್ದವು. ಒಂದು ಬಾಗಿದರೂ ಬೋರ್ಡು ನಡೆಯುವುದಿಲ್ಲ, ಹೊಸದೇ ತರಬೇಕು. ಹೊಸದು ಬರುವುದಕ್ಕೆ ಇನ್ನೆಷ್ಟು ದಿನವೋ. ನಾನು ಕುಳಿತಲ್ಲೇ ಅಳತೊಡಗಿದೆ. ಇದನ್ನೂ ಬರೆದಿಟ್ಟಿದ್ದೇನೆ, ಹನ್ನೊಂದೂ ಐದು.

ಮಾಮಾ ಬಾಗಿಲಿಗೆ ಬಂದರು. "ಏನಾತು?"

ನಾನು ಬೋರ್ಡನ್ನು ತೋರಿಸಿದೆ. ಅವರಿಗೆ ಗೊತ್ತಾಯಿತು.

"ಕಂಪನಿದಾಗಿದ್ರ ಒಂದು ಫೋನ್ ಹಚ್ಚಿ ಬೈತಿದ್ದಿರಿ. ಈಗ ಯಾರನ್ನ ಬೈತೀರಿ? ಇದಕ್ಕ ಗ್ಯಾರಂಟಿ ಯಾರು?"

"ನಾ," ಅಂದರು ಮಾವಶಿ.

ಮಾಮಾ ಹೋದ ಮೇಲೆ ಅವರು ಬೋರ್ಡನ್ನು ಹತ್ತಿರಕ್ಕೆ ಎಳೆದುಕೊಂಡು, ಮುಖ ಓರೆ ಮಾಡಿ, ಉಗುರಿನ ತುದಿ ತಾಗದಷ್ಟು ಹತ್ತಿರ ಬೆರಳು ತಂದರು. "ಫಣಿ ಇದ್ದಂಗ ಐತಲ್ಲ ಇದು. ಫಣಿ ಹಲ್ಲು ಬಾಗಿದ್ರ ಏನ ಮಗ್ಗ ಒಗೀತೀವೇನು?" ಹಾಸಿನ ಎಳೆಗಳನ್ನು ಒಂದೊಂದಾಗಿ ಬಿಡಿಬಿಡಿ ಹಿಡಿದಿರುವ ಬಾಚಣಿಗೆಯಂಥ ಹತಾರಕ್ಕೆ ಅವರು ಫಣಿ ಅನ್ನುತ್ತಾರೆ. "ಎದ್ದು ಮುಖ ತೊಳಕೊಂಡು ಬಾ. ಸಣ್ಣ ಸೂಜಿ ತಾ. ನಿನ್ನ ಮೊಬೈಲ್ ಹಿಡಿ. ನೀ ನೋಡು, ನಾ ಮಾಡ್ತೀನಿ."

ನಾನು ಮೊಬೈಲಿನಲ್ಲಿ ನೋಡುತ್ತ ಹೇಳಿದೆ, ಅವರು ಕೈಯಿಂದ ಕೇಳಿದರು. "ಎಡಕ್ಕ, ಮಾವಶಿ. ಇನ್ನೊಂದು ಕೂದಲೆಳಿ. ಭಾಳಾತು, ಹಿಂದಕ್ಕ. ನಿಂದ್ರು." ಮೊದಲ ಪಿನ್ನಿಗೆ ನಲವತ್ತು ನಿಮಿಷ. ಎರಡನೆಯದಕ್ಕೆ ಇಪ್ಪತ್ತೈದು. ಮೂರನೆಯದರ ನಡುವೆ ಅವರು ಸೂಜಿ ಕೆಳಗಿಟ್ಟು ಎದ್ದರು. "ಕೈ ಬೆವತೈತಿ. ಬೆವತ ಕೈಲೆ ನಾ ನೂಲು ಮುಟ್ಟಾಕಿ ಅಲ್ಲ." ಚಹಾ ಮಾಡಿ, ಕುಡಿದು, ಕೈ ಒಣಗಿಸಿಕೊಂಡು ಬಂದರು. ಎರಡೂ ಹತ್ತಕ್ಕೆ ನಾಲ್ಕೂ ಪಿನ್ನು ತಮ್ಮ ಸಾಲಿನಲ್ಲಿ ನಿಂತಿದ್ದವು. ಒಂದು ಸಲವಾದರೂ ಅವರು ಆ ಪಿನ್ನುಗಳನ್ನು ನೋಡಲಿಲ್ಲ. ನೋಡಲು ಅವರಿಗೆ ಸಾಧ್ಯವೇ ಇರಲಿಲ್ಲ.

ಹೊಸ ಪೇಸ್ಟ್ ಬುಧವಾರ ಬಂತು. ಅವರು ಸೆರಗಿನ ಗಂಟಿನಿಂದ ತೊಗರಿ ಕಾಳು ತೆಗೆದು ಪಕ್ಕಕ್ಕಿಟ್ಟು ಅಷ್ಟೇ ಹಚ್ಚಿದರು. ಸಂಜೆ ನಾಲ್ಕೂ ಹದಿನೈದಕ್ಕೆ ಗುಂಡಿ ಒತ್ತಿದೆವು. ಫ್ಯಾನು ತಿರುಗಿತು. ದೊಡ್ಡ ಪರದೆ ಬೆಳಗಿತು. ನಾನು ಚಪ್ಪಾಳೆ ಹೊಡೆದೆ. ಅವರು ಮುಖವನ್ನು ಮಗ್ಗದ ಕಡೆ ತಿರುಗಿಸಿ ಬದಿಗಣ್ಣಿನಿಂದ ಪರದೆ ನೋಡಿ, "ಹೂಂ. ಹದಿನೇಳು ದಿನ ಹೋತು. ಮನಿ ತೋರಸು," ಅಂದರು.

ಕೆಲಸ ಶುರುವಾಯಿತು. ಮೊದಲ ದಿನ ಒಂದೂ ಮುಗಿಯಲಿಲ್ಲ. ಹತ್ತನೆಯ ದಿನದ ಹೊತ್ತಿಗೆ ದಿನಕ್ಕೆ ಎರಡು. ಮಾಡಿದ್ದನ್ನು ಒಂದೇ ಒತ್ತಿಗೆ ಹಿಂದಕ್ಕೆ ಅಳಿಸುವುದನ್ನು ನಾನು ಬಲು ಹೆಮ್ಮೆಯಿಂದ ಕಲಿಸಿದೆ. ಅವರು ಎರಡು ದಿನ ಬಳಸಿ ಬಿಟ್ಟರು. "ಇಷ್ಟ ಲಗೂ ಅಳಿಸಿದ್ರ ತಪ್ಪು ನೆನಪಿರೂದಿಲ್ಲ," ಅಂದರು. ತಪ್ಪಾದರೆ ಒಂದೊಂದೇ ಮನೆ ಮುಟ್ಟಿ ಅಳಿಸುತ್ತಿದ್ದರು. ಮಗ್ಗದಲ್ಲಿ ತಪ್ಪಿದ ಹೊಕ್ಕನ್ನು, ಅಂದರೆ ಅಡ್ಡ ನೂಲನ್ನು, ಎಳೆ ಎಳೆಯಾಗಿ ಬಿಡಿಸಿದ ಹಾಗೆ.

ಅಮಾವಾಸ್ಯೆ ಬಂದಾಗಲೆಲ್ಲ ಮಗ್ಗದ ಜೊತೆ ಕಂಪ್ಯೂಟರನ್ನೂ ಬಿಚ್ಚುತ್ತಿದ್ದರು. ಒಟ್ಟು ಒಂಬತ್ತು ಸಲ. ಪ್ರತಿ ಸಲ ಫ್ಯಾನಿನ ಹಿಂದಿನಿಂದ ಒಂದು ಮುಷ್ಟಿ ಹತ್ತಿ ಧೂಳು ಬರುತ್ತಿತ್ತು. ಎರಡನೆಯ ಸಲದಿಂದ ನನ್ನನ್ನು ಕರೆಯಲೂ ಇಲ್ಲ. ನಡುವೆ ಮೂರು ಸಲ ಕಂಪ್ಯೂಟರ್ ತಾನಾಗಿ ನಿಂತಿತು. ಮೂರೂ ಸಲ ಅದೇ ದಿನ ಎದ್ದಿತು. ಮೇ ತಿಂಗಳಲ್ಲಿ ನನ್ನ ಅಂಗಡಿಯ ಕಂಪನಿ ಕಂಪ್ಯೂಟರ್ ಕೆಟ್ಟಾಗ ರಿಪೇರಿಯವರು ಬಂದದ್ದು ಹತ್ತೊಂಬತ್ತನೆಯ ದಿನ. ಇದನ್ನು ಮಾಮಾಗೆ ಹೇಳಿದೆ.

"ಅದನ್ನ ನನಗ್ಯಾಕ ಹೇಳ್ತಿ?" ಅಂದರು. ಹೊರಟವರು ತಿರುಗಿ, "ಆಕಿಗೆ ಹೇಳಿಯೇನು?" ಅಂದರು.

"ಹೇಳೀನಿ, ಮಾಮಾ."

"ಏನಂದ್ಲು?"

"ಹತ್ತೊಂಬತ್ತು ದಿನದಾಗ ಇಪ್ಪತ್ತು ದಡಿ ಹೋಗಿರ್ತಿದ್ವು ಅಂದ್ರು."

ಜೂನ್‌ನಲ್ಲಿ ನಾವು ಒಂದು ನಕ್ಷೆಯನ್ನು ಮುದ್ರಿಸಿ ಪಕ್ಕದ ಓಣಿಯ ನೇಕಾರರಿಗೆ ಕೊಟ್ಟೆವು. ಅವರು ಮಾವಶಿಯನ್ನು ಒಂದು ಮಾತೂ ಕೇಳದೆ ದಡಿ ನೇಯ್ದು ತಂದರು. ಮಾವಶಿ ಅದರ ಮೇಲೆ ಹೆಬ್ಬೆರಳು ಆಡಿಸಿ, ಎಣಿಸಿ, "ಆರು," ಅಂದರು. ಅಪ್ಪನ ಆರು. ಮಾಮಾ ಆ ಸೀರೆಯನ್ನು ಅಂಗಡಿಗೆ ಒಯ್ದು ಗಾಜಿನ ಹಿಂದೆ ಹಾಕಿದರು. ಕೇಳಿದವರಿಗೆಲ್ಲ, "ನಮ್ಮ ತಂಗಿ ಕಂಪ್ಯೂಟರ್ ಕಟ್ಯಾಳ, ಅದರಾಗ ತಗದದ್ದು," ಎನ್ನುತ್ತಿದ್ದರಂತೆ.

ಪರದೆಯ ಮೇಲಿನ ಮನೆ ದೊಡ್ಡದಾಗುತ್ತಲೇ ಹೋಯಿತು. ಯುಗಾದಿಗೆ ಮೊದಲೇ ಕಡಲೆ ಆಯಿತು. ಮೇ ಕೊನೆಗೆ ಅಡಿಕೆ. ಶ್ರಾವಣದಲ್ಲಿ ನಿಂಬೆಹಣ್ಣು. ನಿಂಬೆಹಣ್ಣಿನಷ್ಟಾದಾಗ ಆ ದೊಡ್ಡ ಪರದೆಯಲ್ಲೂ ಒಂದು ಸಾಲಿಗೆ ಹದಿನೇಳು ಮನೆ ಮಾತ್ರ ಹಿಡಿಯುತ್ತಿದ್ದವು. ದಡಿಯ ಉಳಿದ ಭಾಗವನ್ನು ಅವರು ತಲೆಯಲ್ಲಿ ಹಿಡಿದಿರಬೇಕಿತ್ತು. ಇಪ್ಪತ್ತೆರಡು ಇಂಚಿನದಾಗಿದ್ದರೆ ಎಷ್ಟು ಎಂದು ನಾನು ಲೆಕ್ಕ ಹಾಕಿದ್ದೆ, ಹನ್ನೆರಡು. ಅವರಿಗೆ ಹೇಳಲಿಲ್ಲ. ಆಗಸ್ಟ್ ಇಪ್ಪತ್ತೆಂಟರಂದು ಅವರು ಇಲಿಯನ್ನು, ಅಂದರೆ ಮೌಸನ್ನು, ಪಕ್ಕಕ್ಕೆ ಸರಿಸಿ ಕೈ ಒರೆಸಿಕೊಂಡರು.

"ಎಷ್ಟಾದವು?"

"ನೂರಾ ತೊಂಬತ್ತೆಂಟು, ಮಾವಶಿ."

"ಹಾಳಿ ಎಷ್ಟು ಉಳದಾವು?"

"ಹನ್ನೊಂದು."

"ನೀ ಈ ಕಡೆ ಕುಂದರು."

ಅಂದಿನಿಂದ ನಾನು ಹಾಳೆ ಓದುತ್ತಿದ್ದೆ, ಅವರು ತಿದ್ದಿ ಹೇಳುತ್ತಿದ್ದರು, ನಾನು ತುಂಬುತ್ತಿದ್ದೆ. "ಹಾಳ್ಯಾಗ ಎರಡು ಬಿಳಿ ಐತಿ, ಮಾವಶಿ." "ಗೊತ್ತೈತಿ. ಒಂದ ಹಾಕು." ಸೆಪ್ಟೆಂಬರ್ ಮೂವತ್ತಕ್ಕೆ ಹನ್ನೊಂದೂ ಮುಗಿದವು. ಇನ್ನೂರ ಒಂಬತ್ತು. ನಾನು ಪೇಢೆ ತಂದಿದ್ದೆ. ಅವರು ಮುಟ್ಟಲಿಲ್ಲ.

"ಐದು ಉಳದಾವು," ಅಂದರು.

ಆ ಐದಕ್ಕೆ ಹಾಳೆ ಇರಲಿಲ್ಲ. ಯಾರೋ ಕೇಳಿ ಒಯ್ದದ್ದು, ಗೆದ್ದಲು ತಿಂದದ್ದು. ಹೆಸರು ಮಾತ್ರ ಇದ್ದವು. ಸೀರೆ ಸಿಕ್ಕರೆ ಎಣಿಸಬಹುದು ಅಂದರು. 'ಸೂಡಿ ಮೆಟ್ಲ' ಎಂಬ ದಡಿಯ ಸೀರೆ ಸೂಡಿ ಊರಿನ ಒಂದು ಮನೆಯಲ್ಲಿ ಇರಬಹುದೆಂದು ಅವರಿಗೆ ನೆನಪಿತ್ತು. ದೀಪಾವಳಿ ಮುಗಿಸಿಕೊಂಡು ಹೋಗುವುದೆಂದು ಮಾತಾಯಿತು. ಅಕ್ಟೋಬರ್ ಹದಿನಾಲ್ಕಕ್ಕೆ ಅವರಿಗೆ ಜ್ವರ ಬಂತು. ಹದಿನೇಳರಂದು ಗದಗಿಗೆ ಒಯ್ಯುವಾಗ ದಾರಿಯಲ್ಲೇ ಹೋದರು.

ಕಳೆದ ಭಾನುವಾರ, ನವೆಂಬರ್ ಎರಡರಂದು, ನಾನೊಬ್ಬಳೇ ಸೂಡಿಗೆ ಹೋಗಿದ್ದೆ. ಆ ಮನೆಯ ಅಜ್ಜಿ, "ಸೀರಿ ಎಲ್ಲಿದು ಯವ್ವಾ, ಅದು ಹರದು ಹತ್ತು ವರ್ಷಾತು," ಅಂದರು. ನಾನು ಎದ್ದೆ. ಅಷ್ಟರಲ್ಲಿ ಅವರ ಸೊಸೆ ಒಳಗಿನಿಂದ, "ಅತ್ತೀ, ಅದನ್ನ ಕೌದಿಗೆ ಹಾಕಿದ್ರಲ್ಲ," ಅಂದಳು. ಕೌದಿಯನ್ನು ಅಂಗಳದಲ್ಲಿ ಹಾಸಿದೆವು. ಹಳೆಯ ಬಟ್ಟೆಗಳ ತುಂಡುಗಳ ನಡುವೆ, ಒಂದು ಮೂಲೆಯಲ್ಲಿ, ಗೇಣುದ್ದದ ದಡಿ ಇತ್ತು. ಮೆಟ್ಟಿಲು ಮೆಟ್ಟಿಲಾಗಿ ಇಳಿಯುವ ಕೆಂಪು. ನಾನು ನೆಲಕ್ಕೆ ಕುಳಿತು ಎಣಿಸಿದೆ. ಮೂರು ಸಲ ಎಣಿಸಿದೆ. ಆ ಸಂಜೆಯೇ ಗಜೇಂದ್ರಗಡಕ್ಕೆ ಹೋಗಿ, ಮಾಮಾ ಬೀಗ ತೆಗೆದುಕೊಟ್ಟ ಖೋಲಿಯಲ್ಲಿ ಕುಳಿತು ಅದನ್ನು ಏರಿಸಿದೆ. ಇನ್ನೂರ ಹತ್ತು.

ಇನ್ನು ನಾಲ್ಕು ಬೇಕು. ಹೆಸರುಗಳು: ಕೋಳಿಹೆಜ್ಜಿ, ಇರಿವಿ ಸಾಲು, ಹುಣಸಿ ಚಿಗರು, ಎರಡೆತ್ತಿನ ಗಾಲಿ. ಕೋಳಿಹೆಜ್ಜಿಯಲ್ಲಿ ಹಳದಿ ಇತ್ತು ಎಂದಷ್ಟೇ ಮಾವಶಿ ಹೇಳಿದ್ದರು. ಇರಿವಿ ಸಾಲು ಬಹಳ ಸಣ್ಣ ದಡಿ, ಎರಡು ಬೆರಳು ಅಗಲ. ಉಳಿದೆರಡರ ಬಗ್ಗೆ ನನಗೆ ಏನೂ ಗೊತ್ತಿಲ್ಲ. ರೋಣ, ನರಗುಂದ, ಗಜೇಂದ್ರಗಡದ ಸುತ್ತಿನ ಯಾವುದಾದರೂ ಮನೆಯ ಟ್ರಂಕಿನಲ್ಲಿ, ತೊಟ್ಟಿಲಿನಲ್ಲಿ, ಕೌದಿಯಲ್ಲಿ, ಚೀಲದ ಹಿಡಿಕೆಯಲ್ಲಿ ಇವು ಇದ್ದರೆ, ಅಥವಾ ಈ ಹೆಸರುಗಳನ್ನು ನಿಮ್ಮ ಮನೆಯ ಹಿರಿಯರು ಅಂದದ್ದು ನೆನಪಿದ್ದರೆ, ಈ ಪತ್ರಿಕೆಯ ವಿಳಾಸಕ್ಕೆ 'ದಡಿ' ಎಂದು ಮೇಲೆ ಬರೆದು ಒಂದು ಸಾಲು ಹಾಕಿ. ಎಣಿಸಲು ಬಂದರೆ ಅಡ್ಡಕ್ಕೆ ಎಷ್ಟು ಎಳೆ, ಯಾವ ಬಣ್ಣದವು, ಎಷ್ಟಕ್ಕೊಮ್ಮೆ ತಿರುಗಿ ಬರುತ್ತದೆ ಎಂದು ಬರೆಯಿರಿ. ಬಟ್ಟೆ ಕಳಿಸುವುದು ಬೇಡ, ಹರಿಯುವುದಂತೂ ಬೇಡ. ಎಣಿಕೆ ಹತ್ತದಿದ್ದರೆ ಊರಿನ ಹೆಸರು ಮತ್ತು ನೀವು ಮನೆಯಲ್ಲಿರುವ ಹೊತ್ತು ಬರೆದರೆ ಸಾಕು. ನಾನೇ ಬಂದು ಎಣಿಸಿಕೊಂಡು ಹೋಗುತ್ತೇನೆ.